ಕರುಗಳ ಬಣ್ಣ

ಡಿಸೆಂಬರ್ 12

ಅಪ್ಪನಿಗೆ,

ಕಾಗದ ತಡವಾಯಿತು. ಫೋನು ಮಾಡೋಣವೆಂದರೆ ನಿಮ್ಮ ಕಿವಿ ಮಂದ. ನೀವು ಆ ಕಡೆಯಿಂದ ಕೂಗುವುದು ಇಡೀ ಬೀದಿಗೆ ಕೇಳುತ್ತದೆ. ಇದು ಒಳ್ಳೆಯ ಸುದ್ದಿಯೇ, ಆದರೆ ಒಳ್ಳೆಯ ಸುದ್ದಿಗೂ ದೃಷ್ಟಿಯಾಗುತ್ತದೆ ಎನ್ನುವವಳು ಅಮ್ಮ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೃತಕ ಗರ್ಭಧಾರಣೆಯ ತರಬೇತಿ ಕೇಂದ್ರಕ್ಕೆ ಬಂದು ಮೂರು ವಾರವಾಯಿತು. ಕೋಣೆಯಲ್ಲಿ ಇಬ್ಬರು, ಎರಡು ಕಬ್ಬಿಣದ ಮಂಚ, ಕಿಟಕಿಯಾಚೆ ನೈಟ್ರೋಜನ್ ತುಂಬುವ ಶೆಡ್ಡು. ಬೆಳಗ್ಗೆ ಆರಕ್ಕೇ ಕ್ಯಾನುಗಳ ಸದ್ದು ಶುರುವಾಗುತ್ತದೆ. ನನ್ನನ್ನು ಇನ್ನಷ್ಟು ಕಲಿಯಲಿ ಎಂದು ಕರೆಸಿದ್ದಾರೆ ಅಂದುಕೊಂಡಿದ್ದೆ. ಅಲ್ಲವಂತೆ, ಕಲಿಸುವುದಕ್ಕಂತೆ. ಮೊದಲ ದಿನವೇ ದೊಡ್ಡ ಡಾಕ್ಟರು ನನ್ನ ದಾಖಲೆ ಪುಸ್ತಕ ಬಿಡಿಸಿ, "ಅರವತ್ತೊಂದು ಹಸುಗೆ ಇಂಜೆಕ್ಷನ್ ಹಾಕಿ ಐವತ್ತೆರಡು ಗಬ್ಬ ನಿಲ್ಲಿಸಿದೀಯಲ್ಲಮ್ಮ. ಇಲ್ಲಿ ಇಪ್ಪತ್ತು ವರ್ಷ ಮಾಡಿದೋರದ್ದೂ ಅರ್ಧ ದಾಟಿಲ್ಲ. ಏನು ನಿನ್ನ ಗುಟ್ಟು?" ಅಂದರು. "ಅವಸರ ಮಾಡಲ್ಲ ಸರ್" ಅಂದೆ. ಅದನ್ನೇ ಹಲಗೆಯ ಮೇಲೆ ಬರೆಸಿದರು.

ಈಗ ದಿನಾ ನಲವತ್ತು ಜನರ ಮುಂದೆ ನಿಂತು ಪಾಠ ಹೇಳುತ್ತೇನೆ. ಎಲ್ಲೋ ಇರುವ ಕಪ್ಪು-ಬಿಳಿ ತಳಿಯ ಹೋರಿಯ ವೀರ್ಯ ಕಡ್ಡಿಯಲ್ಲಿ ಹೆಪ್ಪುಗಟ್ಟಿ ಬರುತ್ತದೆ, ಬಿಸಿನೀರಿನಲ್ಲಿ ಅರ್ಧ ನಿಮಿಷ ಇಡಬೇಕು, ಬೆಳಗ್ಗೆ ಬೆದೆ ಕಂಡರೆ ಸಂಜೆ ಹಾಕಬೇಕು, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಎಲ್ಲರಿಗೂ ಗೊತ್ತಿರುವುದೇ. ನಾನು ಹೇಳಿದರೆ ಬರೆದುಕೊಳ್ಳುತ್ತಾರೆ.

ನಿಮ್ಮಿಂದ ಒಂದು ಕೆಲಸವಾಗಬೇಕು. ನಾನು ಹಾಕಿದ ಹಸುಗಳು ಈಗ ಒಂದೊಂದಾಗಿ ಕರು ಹಾಕುತ್ತವೆ. ಯಾವ ಮನೆ, ಹೆಣ್ಣೋ ಗಂಡೋ, ಏನು ಬಣ್ಣ, ಇಷ್ಟು ಬರೆದು ಕಳಿಸಿ. ಆ ಪಟ್ಟಿ ಮಾರ್ಚ್ ಕೊನೆಗೆ ಒಪ್ಪಿಸಿದರೆ ನನ್ನನ್ನು ಇಲ್ಲಿಯೇ ಕಾಯಂ ಬೋಧಕಿ ಮಾಡುತ್ತಾರಂತೆ. ನಮ್ಮ ಹಸುವೇ ಮೊದಲು ಕರು ಹಾಕಬೇಕು, ನನ್ನ ಮೊದಲ ಇಂಜೆಕ್ಷನ್ ಅದಕ್ಕೇ ಅಲ್ಲವೇ?

ಊರ ಹಸುಗಳಿಗೆ ಬಿಡುತ್ತಿದ್ದ ನಮ್ಮ ಹೋರಿ ದೊರೆಯನ್ನು ನೀವು ಮಾರಿದ್ದು ನೆನಪಾಗುತ್ತಿರುತ್ತದೆ. ಶಾಲೆಯಲ್ಲಿ "ಹೋರಿಯವನ ಮಗಳು" ಅನ್ನಿಸಿಕೊಂಡು ಬೆಳೆದವಳು ನಾನು, ಒಂದೇ ಮನೆಯಲ್ಲಿ ಎರಡು ಅಂಗಡಿ ಬೇಡ ಎಂದು ಹಟ ಹಿಡಿದೆ. ನೀವು ಎರಡು ಮಾತಾಡದೆ ಹಗ್ಗ ಬಿಚ್ಚಿಕೊಟ್ಟಿರಿ. ಇಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಾಗ "ಬೇಸಾಯ" ಅಂದೆ. ಹೇಳಿದ ಮೇಲೆ ಬೇಜಾರಾಯಿತು.

ನಿಮ್ಮ ಮಗಳು


ಡಿಸೆಂಬರ್ 26

ಮಗಳೇ,

ನಾವು ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ, ನಂಬುವುದು ಬಿಡುವುದು ನಿನ್ನಿಷ್ಟ. ನಿಮ್ಮಮ್ಮನ ಮಂಡಿ ನೋವು ಇದ್ದ ಹಾಗೇ ಇದೆ. ಅವಳ ಬಾಯಿಗೆ ಮಾತ್ರ ಯಾವ ನೋವೂ ಬಂದಿಲ್ಲ.

ನಮ್ಮ ಹಸು ಹದಿನೆಂಟನೇ ತಾರೀಖು ಕರು ಹಾಕಿತು. ಹೆಣ್ಣು. ಹುಟ್ಟಿದ ಕಾಲು ಗಂಟೆಗೆ ಎದ್ದು ನಿಂತಿತು. ಮಾಸು ಸಲೀಸಾಗಿ ಬಿತ್ತು. ಕೆಚ್ಚಲು ಚೆನ್ನಾಗಿ ಇಳಿದಿದೆ. ಕರುವಿನ ಬಾಲ ಉದ್ದ, ಕಿವಿ ಚೂಪು, ಹಾಲಿಗೆ ಬಾಯಿ ಹಾಕುವುದರಲ್ಲಿ ಬಲು ಚುರುಕು. ಹಿತ್ತಲ ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆ, ಹೊರಗೆ ಗಾಳಿ ಜಾಸ್ತಿ.

ಬೇರೆ ಮನೆಗಳಲ್ಲೂ ಮೂರ್ನಾಲ್ಕು ಹಸುಗಳಿಗೆ ದಿನ ಹತ್ತಿರವಾಗಿದೆಯಂತೆ. ಅವರೂ ಕರುಗಳನ್ನು ಬೀದಿಗೆ ಬಿಡಲಾರರು. ಗಾಳಿ ಎಲ್ಲರಿಗೂ ಒಂದೇ ಅಲ್ಲವೇ. ಪಟ್ಟಿ ಮಾಡುತ್ತೇನೆ, ಅವಸರವೇನು? ಅವಸರ ಮಾಡಬಾರದು ಎಂದು ನೀನೇ ಹಲಗೆಯ ಮೇಲೆ ಬರೆಸಿದ್ದೀಯಂತೆ.

ಬೋಧಕಿ ಎಂದರೆ ಕುರ್ಚಿ ಕೊಡುತ್ತಾರೋ ಇಲ್ಲ ನಿಂತೇ ಇರಬೇಕೋ? ನಿನಗೆ ಮೊದಲಿನಿಂದ ಕಾಲು ಊತ. ನೋಡಿಕೋ.

ಅಪ್ಪ ಬೇಸಾಯ ಮಾಡುತ್ತಾನೆ ಎಂದದ್ದು ಸುಳ್ಳಲ್ಲ, ಮೂರು ಗುಂಟೆ ಹುಲ್ಲು ಬೆಳೆಯುತ್ತೇನಲ್ಲ. ಅದಕ್ಕೆ ನೀನು ಬೇಜಾರು ಮಾಡಿಕೊಳ್ಳಬೇಡ. ಬೇಜಾರು ಮಾಡಿಕೊಳ್ಳುವುದಕ್ಕೆ ಈ ಲೋಕದಲ್ಲಿ ಬೇಕಾದಷ್ಟಿದೆ.

ಅಪ್ಪ


ಜನವರಿ 9

ಅಪ್ಪನಿಗೆ,

ಬಾಲ ಬರೆದಿರಿ, ಕಿವಿ ಬರೆದಿರಿ, ಬಣ್ಣ ಬರೆಯಲಿಲ್ಲ. ಈ ಕಾಗದದ ಜೊತೆ ಅಚ್ಚು ಹಾಕಿಸಿದ ಹಾಳೆ ಇಟ್ಟಿದ್ದೇನೆ. ಬಣ್ಣ ಎಂದಿರುವ ಚೌಕದಲ್ಲಿ ಒಂದೇ ಮಾತು ಬರೆದರೆ ಸಾಕು. ಕಪ್ಪು-ಬಿಳಿ ಎಂದು ಹೆಚ್ಚಿನ ಕಡೆ ಬರುತ್ತದೆ, ಗುರುತು ಹಾಕಿದರೂ ನಡೆಯುತ್ತದೆ.

ಇಲ್ಲಿ ನನ್ನ ಹೆಸರು ಹಬ್ಬಿಬಿಟ್ಟಿದೆ. ಕೈಗುಣದ ಮೇಡಂ ಎನ್ನುತ್ತಾರೆ. ನಿನ್ನೆ ಒಬ್ಬ ಹುಡುಗಿ, "ರೈತರು ಯಾಕೆ ನಮ್ಮನ್ನ ಕರೆಯಲ್ಲ ಮೇಡಂ? ಮನೆ ಮನೆಗೆ ಕರಪತ್ರ ಕೊಟ್ಟೆ, ಒಬ್ಬರೂ ಬರಲಿಲ್ಲ" ಎಂದು ಕೇಳಿದಳು. "ಕರಪತ್ರ ಓದಿ ಯಾರೂ ಹಸು ಕೊಡಲ್ಲ. ಪಕ್ಕದ ಮನೆ ಹಸು ಗಬ್ಬ ನಿಂತರೆ ತಾವಾಗಿ ಬರ್ತಾರೆ" ಅಂದೆ. ನಮ್ಮ ಬೀದಿಯಲ್ಲಿ ಆದದ್ದೇ ಅದಲ್ಲವೇ? ಮೊದಲ ಒಂದು ತಿಂಗಳು ನನ್ನನ್ನು ಯಾರು ಕರೆದರು? ಆಮೇಲೆ ಒಂದು ನಿಂತಿತು, ಎರಡು ನಿಂತವು, ಮೂರನೆಯ ತಿಂಗಳಿಗೆ ನನಗೆ ಊಟಕ್ಕೆ ಪುರಸೊತ್ತಿರಲಿಲ್ಲ.

ತರಗತಿಯಲ್ಲಿ ಮೂಲೆಮನೆಯ ಹೊಲಿಗೆಯವಳ ಹಸುವಿನ ಕಥೆಯನ್ನೂ ಹೇಳುತ್ತೇನೆ. ನನ್ನ ಪುಸ್ತಕದಲ್ಲಿ ಮೂರು ಸಲ ಹಾಕಿಸಿಕೊಂಡದ್ದು ಅದೊಂದೇ. ನಾನು ಆಗ ಅವಳಿಗೆ ಸರಿಯಾಗಿ ಬೈದಿದ್ದೆ, "ಮೇವು ಸರಿ ಹಾಕಲ್ಲ, ಬೆದೆ ನೋಡೋದು ಗೊತ್ತಿಲ್ಲ, ಆಮೇಲೆ ನನ್ನ ಕೈ ಸರಿಯಿಲ್ಲ ಅಂತೀಯ" ಎಂದು. ಅವಳು ಏನೂ ಅಂದಿರಲಿಲ್ಲ ನಿಜವಾಗಿ. ಆದರೂ ಹೇಳಿದೆ. ಉಡಾಫೆಯ ಮಾಲೀಕರಿಂದ ನಮ್ಮ ದಾಖಲೆ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ.

ಬಣ್ಣ ಬರೆಯಿರಿ ಅಪ್ಪ.

ನಿಮ್ಮ ಮಗಳು


ಜನವರಿ 30

ಮಗಳೇ,

ಹಾಳೆ ತಲುಪಿತು. ತುಂಬಿಲ್ಲ.

ಬೇಕರಿಯವನ ಕಡಸು ಹತ್ತು ದಿನದ ಹಿಂದೆ ಈದಿತು. ಚೊಚ್ಚಲು. ಕರುವಿಗೆ ಕಣ್ಣಿಲ್ಲ. ಕಣ್ಣಿನ ಜಾಗದಲ್ಲಿ ಕಣ್ಣಿದೆ, ಬೆಳಕಿಲ್ಲ, ಬೂದಿ ಬಣ್ಣ. ತಾಯಿಯ ಕೆಚ್ಚಲು ಹುಡುಕುತ್ತ ಗೋಡೆಗೆ ಹೋಗಿ ಮೂತಿ ಇಡುತ್ತದೆ. ಬೇಕರಿಯವ ಅಂಗಡಿ ಬಾಗಿಲು ಅರ್ಧ ಎಳೆದು ಕೊಟ್ಟಿಗೆಯಲ್ಲೇ ಕೂತಿದ್ದಾನೆ, ಬಾಟಲಿಯಲ್ಲಿ ಹಾಲು ಕುಡಿಸುತ್ತಾನೆ. ಡೈರಿಯಲ್ಲಿ ಹಾಲು ಹಾಕುವ ಸರದಿಯಲ್ಲಿ ಯಾರೋ ಶುರು ಮಾಡಿದರು, ಇಂಜೆಕ್ಷನ್ನಿನಿಂದ ಹೀಗಾಯಿತು ಎಂದು. ಎರಡೇ ದಿನಕ್ಕೆ ಬೀದಿಯೆಲ್ಲ ಅದೇ ಮಾತು. ನಿನ್ನ ಹೆಸರು ಹಿಡಿದೇ ಹೇಳುತ್ತಾರೆ. ನಾನು ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ.

ನಿನಗೆ ಇನ್ನೊಂದು ಕಾಗದ ಬರೆಯುತ್ತೇನೆ. ಇವತ್ತು ಆಗುವುದಿಲ್ಲ.

ಅಪ್ಪ


ಫೆಬ್ರವರಿ 4

ಮಗಳೇ,

ಇದನ್ನು ಕೂತು ಓದು. ಪಕ್ಕದ ಮಂಚದವಳು ಹೊರಗೆ ಹೋದ ಮೇಲೆ ಓದು.

ದೊರೆಯನ್ನು ನಾನು ಮಾರಲಿಲ್ಲ. ಮಾರಲು ಹೊರಟಿದ್ದೆ, ಅರ್ಧ ದಾರಿಗೆ ಕೈ ಬರಲಿಲ್ಲ. ಇಟ್ಟಿಗೆಯವನ ಹಳೆಯ ಭಟ್ಟಿ ಪಾಳುಬಿದ್ದಿತ್ತಲ್ಲ, ಅದರ ಶೆಡ್ಡಿನಲ್ಲಿ ಕಟ್ಟಿದೆ. ಮೂರು ಹೊತ್ತು ಹುಲ್ಲು ಹೊತ್ತು ಅಲ್ಲಿಗೆ ಹೋಗುತ್ತಿದ್ದೆ. ವಾಕಿಂಗ್ ಎಂದು ನಿನಗೆ ಹೇಳುತ್ತಿದ್ದೆ. ಈ ವಯಸ್ಸಿಗೆ ವಾಕಿಂಗ್ ಒಳ್ಳೆಯದು ಎಂದು ನೀನೇ ಬೂಟು ತಂದುಕೊಟ್ಟೆ.

ಮೊದಲ ಒಂದು ತಿಂಗಳು ನಿನ್ನ ಕೈಗೆ ಒಂದೂ ಹತ್ತಲಿಲ್ಲ. ನೀರಿನ ತೊಟ್ಟಿಯ ಹಿಂದೆ ಕೂತು ನೀನು ಅತ್ತದ್ದನ್ನು ನಾನು ನೋಡಿದೆ. ಹೀಗೇ ಆದರೆ ಕೆಲಸದಿಂದ ತೆಗೆಯುತ್ತಾರೆ ಎಂದು ನೀನು ನಿಮ್ಮಮ್ಮನ ಹತ್ತಿರ ಹೇಳುತ್ತಿದ್ದೆ. ಅದೇ ವಾರ ಬೇಕರಿಯವ ಬಂದು ಕಿವಿಯಲ್ಲಿ, "ನಿಮ್ಮ ಮಗಳು ನಿನ್ನೆ ಹಾಕವ್ಳೆ. ಅವಳ ಮನಸ್ಸು ನೋಯಿಸೋಕೆ ಇಷ್ಟ ಇಲ್ಲ. ಆದ್ರೂ ಎಲ್ಲಾದ್ರೂ ಒಂದು ಹೋರಿ ಇದ್ರೆ ನೋಡಿ, ಯಾರಿಗೂ ಹೇಳ್ಬೇಡಿ" ಅಂದ. ನನಗೆ ನಿನ್ನ ಮೇಲೆ ಕನಿಕರ ಬಂತು. ಮಧ್ಯಾಹ್ನ ಬೀದಿ ಉಂಡು ಮಲಗಿರುವ ಹೊತ್ತಿಗೆ, ಮೇಯಿಸಲು ಹೊಡೆದುಕೊಂಡು ಹೋಗುವವನ ಹಾಗೆ ಅವನ ಕಡಸನ್ನು ಹಿಂದಿನ ದಾರಿಯಿಂದ ಭಟ್ಟಿಗೆ ಕರೆದೊಯ್ದೆ. ಅದು ಗಬ್ಬ ನಿಂತಿತು. ನೀನು ಕೈ ಹಾಕಿ ನೋಡಿ ಕುಣಿದಾಡಿದೆ.

ಆಮೇಲೆ ಇನ್ನೊಬ್ಬರು ಬಂದರು. ಅವರೂ ಕಿವಿಯಲ್ಲೇ, ಯಾರಿಗೂ ಹೇಳಬೇಡಿ ಎಂದರು. ಹೀಗೆ ಇಡೀ ಬೀದಿ ಒಬ್ಬೊಬ್ಬರಾಗಿ. ಬೇರೆಯವರಿಗೆಲ್ಲ ಇಂಜೆಕ್ಷನ್ ಹತ್ತುತ್ತಿದೆ, ತನ್ನ ಹಸುವಿಗೆ ಮಾತ್ರ ಹತ್ತುತ್ತದೋ ಇಲ್ಲವೋ ಎಂದು ಪ್ರತಿಯೊಬ್ಬರಿಗೂ ಅನುಮಾನ. ಬೇರೆಯವರಿಗೆ ಹತ್ತಿದ್ದು ಯಾವುದು ಎಂದು ಗೊತ್ತಿದ್ದವನು ನಾನೊಬ್ಬ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ, ಇಲ್ಲಿ ಐವತ್ತು ಬೆಕ್ಕು, ಪಾತ್ರೆ ಹಿಡಿದುಕೊಂಡವನು ನಾನು.

ಈಗ ಹುಟ್ಟಿರುವ ಒಂಬತ್ತು ಕರುಗಳಲ್ಲಿ ಒಂದೆರಡು ಬರೀ ಕಪ್ಪು, ಅವು ಯಾರವೋ ಹೇಳಲಾರೆ. ಉಳಿದದ್ದೆಲ್ಲ ಕೆಂಪು ಮೈ, ಹಣೆಯ ಮೇಲೆ ಸುಣ್ಣದ ಕೈ ಒರೆಸಿದಂತೆ ಓರೆ ಪಟ್ಟಿ. ದೊರೆಯ ಮುಖವೇ. ಅದಕ್ಕೇ ಯಾರೂ ಕರುವನ್ನು ಬೀದಿಗೆ ಬಿಡುತ್ತಿಲ್ಲ.

ಇನ್ನು ಬರೆಯುವುದು ಇದಕ್ಕಿಂತ ಕಷ್ಟದ್ದು. ಬೇಕರಿಯವನ ಕಡಸು ದೊರೆಗೇ ಹುಟ್ಟಿದ್ದು. ನಾಲ್ಕು ವರ್ಷದ ಹಿಂದೆ ಅದರ ತಾಯಿ ನಮ್ಮ ಅಂಗಳಕ್ಕೆ ಬಂದಿತ್ತು, ನನಗೆ ನೆನಪಿತ್ತು. ನೆನಪಿದ್ದೂ ಅಪ್ಪನ ಹತ್ತಿರವೇ ಮಗಳನ್ನು ಬಿಟ್ಟೆ. ಹೋರಿ ಸಾಕುವವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನನ್ನ ಅಪ್ಪ ಇದ್ದಿದ್ದರೆ ಹಗ್ಗದಿಂದಲೇ ಬಾರಿಸುತ್ತಿದ್ದ.

ನಾಳೆ ಡೈರಿಯ ಮುಂದೆ ನಿಂತು ಹೇಳಿಬಿಡಬೇಕೆಂದಿದ್ದೇನೆ. ತಪ್ಪು ಇಂಜೆಕ್ಷನ್ನಿನದಲ್ಲ, ನನ್ನದು ಎಂದು. ಆದರೆ ನಿನ್ನ ಪಟ್ಟಿ ಇದೆ, ಮಾರ್ಚ್ ಇದೆ. ನೀನು ಹೇಳಿದ ಹಾಗೆ.

ಅಪ್ಪ


ಫೆಬ್ರವರಿ 13

ಅಪ್ಪನಿಗೆ,

ನಾಲ್ಕು ಕಾಗದ ಬರೆದು ಹರಿದಿದ್ದೇನೆ. ಇದು ಐದನೆಯದು.

ಹಲಗೆಯ ಮುಂದೆ ನಿಂತರೆ ನನ್ನ ಧ್ವನಿ ನನಗೇ ಕೇಳಲಾಗುವುದಿಲ್ಲ. ಬಿಸಿನೀರು, ಅರ್ಧ ನಿಮಿಷ, ಅವಸರ ಮಾಡಬೇಡಿ. ನಲವತ್ತು ಜನ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಒಂದೇ ಹೋರಿ ಬೀದಿಯಲ್ಲಿದ್ದರೆ ಅದು ತನ್ನ ಮಕ್ಕಳ ಮೇಲೇ ಹೋಗುತ್ತದೆ, ಕರುಗಳು ಕುರುಡಾಗಬಹುದು, ಅದಕ್ಕೇ ಹೊರಗಿನ ತಳಿ ಬೇಕು ಎಂದು ನಿನ್ನೆ ಪಾಠ ಮಾಡಬೇಕಿತ್ತು. ಮಾಡಿದೆ. ಬೇಕರಿಯವನ ಕೊಟ್ಟಿಗೆ ಕಣ್ಣ ಮುಂದೆಯೇ ಇತ್ತು, ಆದರೂ ಮಾಡಿದೆ.

ನಿಮಗೆ ಕನಿಕರ ಬಂತಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇರೆಯವರೆಲ್ಲ ನನ್ನ ಮನಸ್ಸು ನೋಯಬಾರದೆಂದು ಬಾಗಿಲಿಗೆ ಕರೆದು, ಕೈ ತೊಳೆಯಲು ನೀರು ಕೊಟ್ಟು, ಟೀ ಕುಡಿಸಿ, ನನ್ನ ಬೆನ್ನು ತಿರುಗಿದ ಮೇಲೆ ನಿಮ್ಮ ಹತ್ತಿರ ಬಂದರು. ನಾನು ಎಂಟು ತಿಂಗಳು ಆಟದ ಸಾಮಾನು ಹಿಡಿದು ಓಡಾಡಿದೆನಲ್ಲ ಅಪ್ಪ.

ಒಂದು ಕೇಳುತ್ತೇನೆ. ಬೀದಿಯ ಹಸುಗಳ ಮಾತೆಲ್ಲ ಬರೆದಿರಿ. ನಮ್ಮ ಹಸುವಿನ ಮಾತು ಆ ಕಾಗದದಲ್ಲಿ ಎಲ್ಲೂ ಇಲ್ಲ. ಅದರ ಕರುವಿನ ಬಣ್ಣ ಏನು?

ಡೈರಿಯಲ್ಲಿ ಏನೂ ಹೇಳಬೇಡಿ. ಮಾರ್ಚ್ ಕೊನೆಯವರೆಗೆ ಸುಮ್ಮನಿರಿ. ಪಟ್ಟಿಯನ್ನು ನಾನೇ ತುಂಬಿಕೊಳ್ಳುತ್ತೇನೆ. ಇಲ್ಲಿಂದ ಯಾರೂ ಬಂದು ನೋಡುವುದಿಲ್ಲ. ಇದನ್ನು ಬರೆಯುತ್ತಿರುವವಳು ನಾನೇ ಎಂದು ನನಗೇ ನಂಬಿಕೆಯಾಗುತ್ತಿಲ್ಲ, ಆದರೆ ಬರೆಯುತ್ತಿದ್ದೇನೆ. ಇನ್ನೊಂದು ಸಲ "ಹೋರಿಯವನ ಮಗಳು" ಅನ್ನಿಸಿಕೊಳ್ಳಲು ನನ್ನಿಂದಾಗದು.

ಮಗಳು


ಫೆಬ್ರವರಿ 22

ಮಗಳೇ,

ನೀನು ಹೇಳಿದ ಹಾಗೇ ಆಗಲಿ. ಬಾಯಿ ಬಿಡುವುದಿಲ್ಲ.

ಬೇಕರಿಯವ ನಿನ್ನೆ ನನ್ನ ಮುಖ ನೋಡಿಕೊಂಡೇ ನಿನ್ನನ್ನು ಬೈದ. ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ನೆಲ ನೋಡಿದೆವು. ದೊರೆಯ ಸಂಗತಿ ತಿಳಿದ ಮೇಲೆ ನಿಮ್ಮಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಊಟಕ್ಕೆ ತಟ್ಟೆ ಕುಕ್ಕುವ ಸದ್ದೇ ಮಾತು.

ಅಪ್ಪ


ಮಾರ್ಚ್ 5

ಮೇಡಂ ಅವರಿಗೆ ಮೂಲೆಮನೆಯ ಹೊಲಿಗೆಯವಳು ಬರೆಯುವುದು.

ನಿಮ್ಮ ವಿಳಾಸವನ್ನು ನಿಮ್ಮ ತಾಯಿಯವರಿಂದ ಇಸಿದುಕೊಂಡೆ. ನನ್ನ ಹಸು ಕಳೆದ ವಾರ ಕರು ಹಾಕಿತು. ಹೆಣ್ಣು. ಕಪ್ಪು ಮೈ, ಹೊಟ್ಟೆಯಡಿ ಬಿಳಿ, ನಾಲ್ಕು ಕಾಲಿಗೂ ಬಿಳಿ ಕಾಲುಚೀಲ. ನೀವು ತೋರಿಸಿದ ಚಿತ್ರದಲ್ಲಿದ್ದ ಹಾಗೇ ಇದೆ. ನಾನು ಹೊಲಿಗೆ ಯಂತ್ರದ ಪಕ್ಕದಲ್ಲೇ ಬೀದಿ ಬಾಗಿಲಲ್ಲಿ ಕಟ್ಟಿಕೊಂಡಿದ್ದೇನೆ. ಹೋಗುವವರು ಬರುವವರು ನಿಂತು ನೋಡುತ್ತಾರೆ. ನೋಡಿ ಏನೂ ಹೇಳದೆ ಹೋಗುತ್ತಾರೆ. ಬೇರೆ ಮನೆಯ ಕರುಗಳನ್ನು ನಾನು ನೋಡಿಲ್ಲ. ಎಲ್ಲರೂ ಒಳಗೇ ಕಟ್ಟುತ್ತಾರೆ. ನನ್ನದೇ ಏನೋ ಹೆಚ್ಚುಕಮ್ಮಿ ಆಗಿರಬಹುದೇ ಎಂದು ಭಯವಾಗಿ ಬರೆಯುತ್ತಿದ್ದೇನೆ.

ಮೂರು ಸಲ ನಿಮಗೆ ತೊಂದರೆ ಕೊಟ್ಟೆ. ನೀವು ಬೈದದ್ದರಲ್ಲಿ ತಪ್ಪಿಲ್ಲ. ಬೆದೆ ನೋಡಲು ನನಗೆ ಆಗ ಬರುತ್ತಿರಲಿಲ್ಲ, ನೀವು ಬೈದ ಮೇಲೆ ಕಲಿತೆ. ಆದರೂ ಯಾಕೆ ಬಿಡದೆ ನಿಮ್ಮನ್ನೇ ಕರೆದೆ ಎಂದರೆ, ಹಿಂದೆ ಒಂದು ಸಲ ಹಸು ಹಿಡಿದುಕೊಂಡು ನಿಮ್ಮ ಮನೆ ಅಂಗಳಕ್ಕೆ ಬಂದಿದ್ದೆ. ನನ್ನ ಮನೆಯಲ್ಲಿ ಗಂಡಸರಿಲ್ಲ, ನಾನೇ ಹಗ್ಗ ಹಿಡಿಯಬೇಕು. ಗೋಡೆಯ ಮೇಲೆ ನಾಲ್ಕು ಜನ ಕೂತಿದ್ದರು. ಹೋರಿ ಬಿಡುವಾಗ ನನ್ನನ್ನು ನೋಡಿ ಒಂದು ಮಾತಂದರು. ಅದನ್ನು ಬರೆಯುವ ಹಾಗಿಲ್ಲ. ನಿಮ್ಮ ತಂದೆಯವರೂ ನಕ್ಕರು. ಬೇಜಾರು ಮಾಡಿಕೊಳ್ಳಬೇಡಿ, ಆಮೇಲೆ ಅವರು ಮುಖ ತಿರುಗಿಸಿಕೊಂಡರು. ಆವತ್ತೇ ತೀರ್ಮಾನ ಮಾಡಿದೆ, ಹಸು ಗೊಡ್ಡಾದರೂ ಸರಿ, ಇನ್ನು ಆ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು. ನೀವು ನನ್ನ ಬಾಗಿಲಿಗೆ ಬಂದಿರಿ. ಹೆಂಗಸು. ಹಸುವಿನ ಮೈ ತಟ್ಟಿ ಮಾತಾಡಿಸಿ ಕೆಲಸ ಮುಗಿಸಿದಿರಿ. ಹಾಲಿನ ಆಸೆಗೆ ಹಾಕಿಸಿದ್ದಲ್ಲ ಮೇಡಂ, ಅಷ್ಟಕ್ಕೇ ಹಾಕಿಸಿದ್ದು.

ಈಗ ಕಣ್ಣಿಲ್ಲದ ಕರು ಹುಟ್ಟಿದ ಮೇಲೆ ಎಲ್ಲರೂ ಇಂಜೆಕ್ಷನ್ ಬೇಡ ಎನ್ನುತ್ತಾರೆ. ಮುಂದಿನ ಸಲ ಹಾಕಿಸಬಹುದೋ ಬೇಡವೋ ನೀವೇ ಹೇಳಿ. ನೀವು ಹೇಳಿದ್ದನ್ನು ನಂಬುತ್ತೇನೆ.

ಹೊಲಿಗೆಯವಳು


ಮಾರ್ಚ್ 14

ಅಪ್ಪನಿಗೆ,

ಹೊಲಿಗೆಯವಳ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಫೋನಿನಲ್ಲಿ ಅವಳನ್ನು ಕೇಳಿಯೇ ಕಳಿಸುತ್ತಿದ್ದೇನೆ. ಓದಿ.

ಮೊದಲು ಓದಿದಾಗ ನಾನು ಅಳಲಿಲ್ಲ. ದಾಖಲೆ ಪುಸ್ತಕ ತೆಗೆದು ನೋಡಿದೆ. ನನ್ನ ಪುಸ್ತಕದಲ್ಲಿ ಕೆಟ್ಟದ್ದು ಎಂದು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಅದೊಂದೇ ಹಸು. ಪುಸ್ತಕದಲ್ಲಿ ನಿಜವಾದದ್ದೂ ಅದೊಂದೇ. ಎರಡು ತಿಂಗಳಿಂದ ನಲವತ್ತು ಜನರ ಮುಂದೆ ಅವಳನ್ನು ಉಡಾಫೆಯವಳು ಎನ್ನುತ್ತಿದ್ದೇನೆ. ಅವಳು ನೋಡಿದರೆ, ನೀವು ಹೇಳಿದ್ದನ್ನು ನಂಬುತ್ತೇನೆ ಎಂದು ಬರೆಯುತ್ತಾಳೆ.

ಪಟ್ಟಿ ಅರ್ಧ ತುಂಬಿದ್ದೆ ಅಪ್ಪ. ಹದಿನಾರು ಮನೆಗೆ ಕಪ್ಪು-ಬಿಳಿ ಎಂದು ಬರೆದಾಗಿತ್ತು. ಅದನ್ನು ಹಿಡಿದುಕೊಂಡೇ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಹೋರಿಯವನ ಮಗಳು ಎಂಬುದರಿಂದಲೇ ಶುರು ಮಾಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಇದು ಬೇರೆ ಯಾರಿಗೆ ಗೊತ್ತು?" ಅಂದರು. ಯಾರಿಗೂ ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. "ಒಂದು ಬೀದಿಗೆ ಗೊತ್ತು ಸರ್" ಅಂದೆ. "ಅದರಲ್ಲಿ ಖಂಡಿತ ನಿನ್ನದು ಅನ್ನೋದು ಎಷ್ಟು?" ಅಂದರು. "ಒಂದು" ಅಂದೆ. "ನಿನ್ನ ಮಾತನ್ನ ನಾನು ಮೇಲಿನವರಿಗೆಲ್ಲ ಬರೆದು ಕಳಿಸಿದೀನಲ್ಲಮ್ಮ" ಎಂದು ಅವರೂ ತಲೆ ತಗ್ಗಿಸಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಕೊನೆಗೆ, ತರಗತಿಯಲ್ಲಿ ನೀನೇ ಹೇಳು ಎಂದರು.

ಹೇಳಿದೆ. ಮೇಜು ಹಿಡಿದುಕೊಂಡೇ ಹೇಳಿದೆ. ಒಬ್ಬ ಎದ್ದು, "ಹಾಗಾದ್ರೆ ಬಿಸಿನೀರು ಅರ್ಧ ನಿಮಿಷ ಅನ್ನೋದೂ ಸುಳ್ಳಾ ಮೇಡಂ?" ಅಂದ. ಅದು ನಿಜ, ಸುಳ್ಳಾದದ್ದು ನಾನು ಎಂದೆ. ಯಾರೂ ನಗಲಿಲ್ಲ. ಹೊರಗೆ ಬಂದಾಗ ಕರಪತ್ರದ ಹುಡುಗಿ ಹಿಂದೆಯೇ ಬಂದು, "ನಮ್ಮೂರಲ್ಲೂ ಹೀಗೇ ಇರಬಹುದಾ ಮೇಡಂ? ಇದ್ದಕ್ಕಿದ್ದಂಗೆ ಎಲ್ಲಾ ಗಬ್ಬ ನಿಲ್ತಾ ಇವೆ" ಎಂದಳು. ಹೋಗಿ ಕರುಗಳ ಬಣ್ಣ ನೋಡು ಎಂದೆ.

ಬೋಧಕಿಯ ಕೆಲಸ ಇಲ್ಲ. ಕೆಲಸದಿಂದ ತೆಗೆದಿಲ್ಲ, ಅದೇ ಬೀದಿಗೆ ಅದೇ ಕ್ಯಾನು ಹಿಡಿದು ವಾಪಸು ಹೋಗು ಎಂದಿದ್ದಾರೆ. ಏಪ್ರಿಲ್ ಹನ್ನೆರಡಕ್ಕೆ ಬರುತ್ತೇನೆ. ಯಾರ ಬಾಗಿಲಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ, ಗೊತ್ತಿಲ್ಲ.

ಡೈರಿಯಲ್ಲಿ ಹೇಳಬೇಡಿ ಎಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ನಿಮ್ಮ ಬಾಯಿ ನಿಮ್ಮದು.

ಮಗಳು


ಏಪ್ರಿಲ್ 2

ಮಗಳೇ,

ಮೊದಲು ಬೀದಿಯ ಸುದ್ದಿ, ಆಮೇಲೆ ನಮ್ಮ ಮನೆಯದು.

ದೊರೆಗೆ ಬೀಜ ಒಡೆಸಿದೆ. ಪಶು ಆಸ್ಪತ್ರೆಯವರೇ ಬಂದು ಮಾಡಿದರು, ತಲೆ ಹಿಡಿದುಕೊಂಡವನು ನಾನು. ಈಗ ಇಟ್ಟಿಗೆಯವನ ಗಾಡಿ ಎಳೆಯುತ್ತಾನೆ. ನನ್ನನ್ನು ಕಂಡರೆ ಇನ್ನೂ ಮೂತಿ ಚಾಚುತ್ತಾನೆ. ಅದರ ಬಗ್ಗೆ ಇಷ್ಟೇ ಸಾಕು.

ನಿನ್ನ ಕಾಗದ ಬಂದ ಮರುದಿನ ಬೆಳಗ್ಗೆ ಡೈರಿಗೆ ಹೋದೆ. ಸರದಿ ಬಾಗಿಲವರೆಗೆ ಇತ್ತು. ಬೇಕರಿಯವ ಎಂದಿನಂತೆ ಶುರು ಮಾಡಿದ, "ಇವರ ಮಗಳ ಇಂಜೆಕ್ಷನ್ನಿಂದ ನನ್ನ ಕರು ಕುರುಡಾಯ್ತು" ಎಂದು. "ನಿನ್ನ ಕಡಸು ಭಟ್ಟಿಗೆ ಬಂದಿತ್ತಲ್ಲಪ್ಪ. ಬಿಟ್ಟೋನು ನಾನು. ಅದು ದೊರೆಯ ಮಗಳು ಅಂತ ಗೊತ್ತಿದ್ದೂ ಬಿಟ್ಟೆ. ಕುರುಡು ಮಾಡಿದ್ದು ನಾನು, ನನ್ನ ಮಗಳಲ್ಲ" ಅಂದೆ. ಅವನ ಮುಖ ಇಳಿದುಹೋಯಿತು. ಸರದಿಯೆಲ್ಲ ಅವನನ್ನು ದುರುಗುಟ್ಟಿ ನೋಡಿತು, ಇವನೊಬ್ಬನೇ ಕಳ್ಳ ಎನ್ನುವ ಹಾಗೆ. ಆಗ ನಾನು, "ಇವನೊಬ್ಬನೇ ಅಲ್ಲ. ಇಲ್ಲಿ ನಿಂತೋರಲ್ಲಿ ಭಟ್ಟಿ ದಾರಿ ಗೊತ್ತಿಲ್ಲದ ಹಸು ಒಂದೇ ಮನೇದು" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಕ್ಯಾನಿನ ಮುಚ್ಚಳ ನೋಡಿಕೊಂಡರು. ಹಳೆಯ ಮೇಷ್ಟ್ರು ಹಾಲು ಅಳೆಯುವವಳನ್ನು, "ನೀನೂನಾ?" ಎಂದು ಕೇಳಿದರು. "ನಂದೂ ಹೌದು ಮೇಷ್ಟ್ರೇ. ನಿಮಗೆಲ್ಲಾ ಹತ್ತುತ್ತಾ ಇದೆ, ನನ್ನ ಹಸೂದೇ ಏನೋ ದೋಷ ಅಂದ್ಕೊಂಡಿದ್ದೆ" ಎಂದಳು. "ನಾನೂ ಹಂಗೇ ಅಂದ್ಕೊಂಡಿದ್ದೆ" ಎಂದರು ಅವರು. ಒಬ್ಬೊಬ್ಬರಾಗಿ ಎಲ್ಲರ ಬಾಯಲ್ಲೂ ಅದೇ ಬಂತು. ಎಲ್ಲರೂ ಎಲ್ಲರನ್ನೂ ನಂಬಿದ್ದರು, ನಿನ್ನನ್ನು ಬಿಟ್ಟು.

ಸರದಿಯ ಕೊನೆಯಲ್ಲಿ ಹೊಲಿಗೆಯವಳು ಒಬ್ಬಳೇ ನಕ್ಕಳು. ಜೋರಾಗಿ ಅಲ್ಲ. ನಾನು ಅವಳ ಹತ್ತಿರ ಹೋಗಿ, "ಆವತ್ತು ನಮ್ಮ ಅಂಗಳದಲ್ಲಿ ನಾನೂ ನಕ್ಕಿದ್ದೆ. ತಪ್ಪಾಯ್ತು ತಾಯಿ" ಅಂದೆ. ಎಲ್ಲರೂ ಕೇಳುವ ಹಾಗೇ ಅಂದೆ. ಗೋಡೆಯ ಮೇಲೆ ಕೂತಿದ್ದ ನಾಲ್ವರಲ್ಲಿ ಇಬ್ಬರು ಅಲ್ಲೇ ಇದ್ದರು. ಅವಳು, "ಹಾಲು ಕೆಡುತ್ತೆ, ಮುಂದೆ ನಡೀರಿ" ಎಂದಳು. ಅಷ್ಟೇ. ಹೊರಗೆ ಬಂದಾಗ ಮೇಷ್ಟ್ರು ಅವಳನ್ನು, "ನಿನ್ನದು ಎಷ್ಟು ಸಲಕ್ಕೆ ನಿಂತಿತಮ್ಮ?" ಎಂದು ಕೇಳುತ್ತಿದ್ದರು. "ಮೂರು. ಕಾಯೋಕೆ ಆಗುತ್ತಾ ನೋಡ್ಕೊಳ್ಳಿ" ಎಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಬರುವುದು ಬೇಡ ಬಿಡು, ನನಗೆ ಆನೆಯನ್ನು ಕಟ್ಟುವ ಜಾಗವೂ ಇಲ್ಲ.

ಇನ್ನು ನೀನು ಫೆಬ್ರವರಿಯಲ್ಲಿ ಕೇಳಿದ್ದು. ಮೊದಲಿನಿಂದಲೂ ತಪ್ಪಿಸಿಕೊಂಡೇ ಬಂದೆ. ನಮ್ಮ ಹಸುವಿನ ಕರು ಕೆಂಪು. ಹಣೆಯ ಮೇಲೆ ಓರೆ ಪಟ್ಟಿ.

ಭಟ್ಟಿಗೆ ಮೊದಲು ಹೋದದ್ದು ಬೇಕರಿಯವನ ಕಡಸಲ್ಲ, ನಮ್ಮ ಹಸು. ನೀನು ಹೊಸ ಬೂಟು ಹಾಕಿಕೊಂಡು ನಿನ್ನ ಮೊದಲ ಇಂಜೆಕ್ಷನ್ ಹಾಕಿ, ಹಿತ್ತಲಲ್ಲಿ ಕೈ ತೊಳೆಯುತ್ತ ನಿಮ್ಮಮ್ಮನಿಗೆ, ಆಯಿತಮ್ಮ, ಸರಿಯಾಗಿ ಹೋಯಿತಮ್ಮ ಎಂದು ಕೂಗಿ ಹೇಳುತ್ತಿದ್ದೆ. ಮರುದಿನ ಮಧ್ಯಾಹ್ನ ನಾನು ಹಗ್ಗ ಬಿಚ್ಚಿದೆ. ನೀನು ತೊಟ್ಟಿಯ ಹಿಂದೆ ಅತ್ತದ್ದು ಆಮೇಲೆ, ಒಂದು ತಿಂಗಳಾದ ಮೇಲೆ. ಆವತ್ತು ನನಗೆ ಯಾರ ಮೇಲೂ ಕನಿಕರವಿರಲಿಲ್ಲ. ಇದು ನನ್ನ ಮಗಳ ಕೈಯಲ್ಲಿ ಆಗುವ ಕೆಲಸವಲ್ಲ ಎಂದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಬೇರೆಯವರ ಬಾಯಲ್ಲಿ ಕೇಳಿದರೆ ನಗುತ್ತಿದ್ದೆ. ಬೀದಿಯವರು ನಿನ್ನನ್ನು ನಂಬದೆ ಇದ್ದದ್ದಕ್ಕೆ ಅವರನ್ನು ಏನೂ ಅನ್ನಬೇಡ. ಎಲ್ಲರಿಗಿಂತ ಮೊದಲು ನಂಬದವನು ನಿನ್ನ ಅಪ್ಪ. ಕನಿಕರದ ಕಥೆ ಕಟ್ಟಿದ್ದು ನನ್ನ ಮುಖ ಉಳಿಸಿಕೊಳ್ಳುವುದಕ್ಕೆ.

ನಿನ್ನೆ ಬೆಳಗ್ಗೆಯಿಂದ ನಮ್ಮ ಹಸು ಬೆದೆಯಲ್ಲಿದೆ. ಹುಲ್ಲು ಮುಟ್ಟುತ್ತಿಲ್ಲ, ಒಂದೇ ಸಮ ಕೂಗುತ್ತಿದೆ. ಪಕ್ಕದ ಊರಿನಲ್ಲಿ ಹೋರಿ ಇದೆ, ಇಂಜೆಕ್ಷನ್ ಹಾಕುವವನೂ ಇದ್ದಾನೆ ಎಂದು ನಿಮ್ಮಮ್ಮ ನೆನಪು ಮಾಡಿದಳು. ಎರಡು ತಿಂಗಳ ಮೇಲೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. ಬೇಡ ಎಂದೆ. ಬೀದಿ ಬಾಗಿಲಿನ ಕಂಬಕ್ಕೆ ಕಟ್ಟಿ, ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತದೆ. ಅಷ್ಟರಲ್ಲಿ ನೀನು ಬಂದಿರುತ್ತೀಯ, ನಿನ್ನನ್ನು ಕರೆಯುತ್ತೇನೆ. ನಿಲ್ಲದಿದ್ದರೆ ಇನ್ನೊಂದು ಇಪ್ಪತ್ತೊಂದು ದಿನ ಕಾಯುತ್ತೇನೆ. ಅದಕ್ಕೂ ನಿಲ್ಲದಿದ್ದರೆ ಇನ್ನೊಂದು.

ನಿನ್ನ ಅಪ್ಪ